ಗಾಲಿಯಲ್ಲಿ ಉಳಿದ ಪಿನ್ನು

ಮಸಿ ಹಿಡಿದ ಎರಡು ಕೈಗಳು ತಲೆಗಿಂತ ಮೇಲಕ್ಕೆ ಎದ್ದಿರುತ್ತಿದ್ದವು. ಒಂದರಲ್ಲಿ ಜಾಕಿನ ಸರಳು, ಇನ್ನೊಂದರಲ್ಲಿ ಗಾಲಿಗೆ ಅಡ್ಡ ಕೊಡುವ ಮರದ ತುಂಡು, ಅದರ ತುದಿಗೆ ಕಟ್ಟಿದ ಕೆಂಪು ಪಟ್ಟಿ. ಕಾಪುವಿನ ಹೆದ್ದಾರಿ ಬದಿಯ ಟಯರ್ ಅಂಗಡಿಯವರು ಕೆಲಸ ಮುಗಿಸಿ ಕಾರಿನ ಮುಂದೆ ಹಾಗೆ ನಿಂತರೆಂದರೆ, ಒಳಗಿದ್ದವರು ನೋಡಿ ತಲೆಯಾಡಿಸುವವರೆಗೆ ದಾರಿ ಬಿಡುತ್ತಿರಲಿಲ್ಲ. ನಾನು ಅಲೆವೂರಿನವನು, ಗಣಿತದ ಮೇಷ್ಟ್ರಾಗಿ ನಿವೃತ್ತನಾದವನು. ತಾಳ್ಮೆ ನನ್ನ ಗುಣವಲ್ಲ. ನೀವು ಟಯರ್ ಹಾಕುವುದಕ್ಕಿಂತ ದೇವಸ್ಥಾನದಲ್ಲಿ ಆರತಿ ಎತ್ತುವುದು ಒಳ್ಳೆಯದು ಎಂದು ಛೇಡಿಸುತ್ತಿದ್ದೆ. ಅವರು ನಗುತ್ತಿದ್ದರು, ಕೈ ಮಾತ್ರ ಇಳಿಸುತ್ತಿರಲಿಲ್ಲ.

ಗಲ್ಫಿನ ಯಾವುದೋ ವಿಮಾನ ನಿಲ್ದಾಣದಲ್ಲಿ ಬಹಳ ವರ್ಷ ದುಡಿದು ಬಂದವರೆಂದು ಎಲ್ಲರಿಗೂ ಗೊತ್ತಿತ್ತು. ಏನು ಕೆಲಸ ಎಂದರೆ ಅಲ್ಲಿಯೂ ಗಾಲಿಯದ್ದೇ ಎನ್ನುತ್ತಿದ್ದರು. ಯಾಕೆ ಬಿಟ್ಟಿರಿ ಎಂದರೆ ಕೈಯಲ್ಲೇ ಇದ್ದ ಪೈಪನ್ನು ಹುಡುಕಲು ಶುರು ಮಾಡುತ್ತಿದ್ದರು. ಕಾರ್ಕಳದ ಕಲ್ಲಿನ ಲಾರಿಗೂ ಮಣಿಪಾಲದ ಡಾಕ್ಟರ ಕಾರಿಗೂ ಅವರಲ್ಲಿ ಒಂದೇ ಸರದಿ. ಸವೆದ ಟಯರಿಗೆ ಗಾಳಿ ತುಂಬಿ ಕಳಿಸಿ ಎಂದವರಿಗೆ, "ಗಾಳಿ ನಾನು ಹಾಕಬಹುದು, ಆಯುಷ್ಯ ಹಾಕಲಿಕ್ಕೆ ಆಗುವುದಿಲ್ಲ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಮಗಳನ್ನೂ ಐದು ತಿಂಗಳ ಮೊಮ್ಮಗುವನ್ನೂ ಮಂಗಳೂರಿನಲ್ಲಿ ವಿಮಾನ ಹತ್ತಿಸಿ ಬರುತ್ತ, ಗಾಳಿ ನೋಡಿಸಲು ಅವರಲ್ಲಿ ನಿಲ್ಲಿಸಿದ್ದೆ. ಆಗ ಗಲ್ಫಿನಿಂದ ಅಳಿಯನ ಫೋನು ಬಂತು. ವಿಮಾನ ಮುಂದೆ ಹೋಗದೆ ಸಮುದ್ರದ ಮೇಲೆ ಸುತ್ತುತ್ತಿದೆ, ಮೊಬೈಲಿನಲ್ಲಿ ಕಾಣುತ್ತಿದೆ, ಕಂಪನಿಯವರನ್ನು ಕೇಳಿದರೆ ಗಾಲಿಯ ತೊಂದರೆ ಎನ್ನುತ್ತಿದ್ದಾರೆ ಎಂದ. ಅಲ್ಲಿ ಬಿದ್ದಿದ್ದ ಹಳೆಯ ಟಯರಿನ ಮೇಲೆ ಕುಳಿತುಬಿಟ್ಟೆ.

ಅಂಗಡಿಯವರು ಕೈ ಒರೆಸಿಕೊಂಡು ನನ್ನ ಫೋನು ತೆಗೆದುಕೊಂಡರು. ವಿಮಾನದ ವೇಗ ಎಷ್ಟು, ಎತ್ತರ ಎಷ್ಟು ಎಂದು ಅಳಿಯನನ್ನು ಕೇಳಿದರು. ಆಮೇಲೆ ನನ್ನ ಪಕ್ಕ ಕುಳಿತರು.

"ಗಾಲಿ ಹೊರಗೇ ಉಂಟು ಮಾಷ್ಟ್ರೇ, ಅದಕ್ಕೇ ಅಷ್ಟು ನಿಧಾನ. ಇದು ಒಳಗೆ ಹೋಗದ ಗಾಲಿ, ಹೊರಗೆ ಬಾರದ್ದಲ್ಲ. ಎಣ್ಣೆ ಮುಗಿಸಿ, ಹಗುರಾಗಿ, ಬಂದು ಇಳಿಯುತ್ತಾರೆ."

ಸುಮ್ಮನೆ ಸಮಾಧಾನ ಹೇಳಬೇಡಿ, ನಿಮಗೆ ಹೇಗೆ ಗೊತ್ತು ಎಂದು ರೇಗಿದೆ.

"ನಾನೇ ಒಮ್ಮೆ ಹಾಗೆ ಕಳಿಸಿದ್ದೇನೆ," ಎಂದರು.

ನಿಂತ ವಿಮಾನದ ಗಾಲಿ ಮಡಚಿಕೊಳ್ಳದಂತೆ ಕೆಂಪು ಪಟ್ಟಿಯ ಮೂರು ಪಿನ್ನು ಹಾಕಿರುತ್ತಾರಂತೆ. ಹೊರಡುವ ಮೊದಲು ಮೂರನ್ನೂ ತೆಗೆದು, ಪೈಲಟಿಗೆ ಕಾಣುವಂತೆ ಎತ್ತಿ ತೋರಿಸಬೇಕು. ಅವತ್ತು ಇವರು ಎರಡೇ ತೆಗೆದಿದ್ದರು. ಅದಕ್ಕೂ ಮೊದಲು ಕಳಿಸಿದ ವಿಮಾನದ ಪಿನ್ನೊಂದು ಸೊಂಟದ ಪಟ್ಟಿಯಲ್ಲೇ ಉಳಿದಿತ್ತು. ಕೈಯಲ್ಲಿ ಮೂರಾಯಿತು, ತೋರಿಸಿದರು, ಪೈಲಟ್ ಕೈ ಬೀಸಿದ. ಹಾರಿದ ಮೇಲೆ ಗಾಲಿ ಒಳಗೆ ಹೋಗಲಿಲ್ಲ. ವಿಮಾನ ಸುತ್ತಿ ಸುತ್ತಿ ಬಂದು ಇಳಿಯಿತು, ಯಾರಿಗೂ ಏನೂ ಆಗಲಿಲ್ಲ. ಕೆಲಸ ಮಾತ್ರ ಹೋಯಿತು. ಈ ಸಂಗತಿಯನ್ನು ಊರಿನಲ್ಲಿ ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಒಂದು ಗಂಟೆಗೂ ಮೇಲೆ ನಾವು ಹಾಗೆ ಕುಳಿತಿದ್ದೆವು. ಭಾರ ಹೆಚ್ಚಿದ್ದರೆ ಇಳಿಯುವಾಗ ಟಯರ್ ಒಡೆಯಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಒಡೆಯಲಿಲ್ಲ. ಅಪ್ಪ, ವಾಪಸು ಬಂದು ಇಳಿದೆವು, ಮಗು ಇಡೀ ಹೊತ್ತು ನಿದ್ದೆ ಮಾಡಿತು ಎಂದು ಮಗಳು ಫೋನಿನಲ್ಲಿ ಹೇಳಿದಾಗ ನಾನು ಅತ್ತುಬಿಟ್ಟೆ. ಅವರು ನನ್ನ ಕಾರಿನ ಗಾಳಿ ನೋಡಲು ಎದ್ದು ಹೋದರು.

ಪಿನ್ನು ತೆಗೆಯದೆ ಬಿಟ್ಟದ್ದೇ ಕಾರಣ, ಕೆಲಸಗಾರನೊಬ್ಬನನ್ನು ಹೊರಗಿಟ್ಟಿದ್ದಾರೆ ಎಂದು ಮರುದಿನದ ಪತ್ರಿಕೆಯಲ್ಲಿ ಬಂತು. ನಾನು ಸಿಹಿ ಹಿಡಿದುಕೊಂಡು ಅಂಗಡಿಗೆ ಹೋದೆ. ಅವರು ಪೊಟ್ಟಣ ಬಿಚ್ಚಲೇ ಇಲ್ಲ.

"ಆ ಪಿನ್ನಿನ ಜನದ ಕೆಲಸ ತೆಗೆಯಬೇಡಿ ಅಂತ ವಿಮಾನದ ಕಂಪನಿಗೆ ಒಂದು ಕಾಗದ ಬರೆಯಿರಿ ಮಾಷ್ಟ್ರೇ. ಮಗುವಿನ ಅಜ್ಜ ಬರೆದರೆ ತೂಕ ಉಂಟು. ನನಗೆ ಆಗ ಬರೆಯುವವರು ಯಾರೂ ಇರಲಿಲ್ಲ."

ನನಗೆ ಸಿಟ್ಟು ಬಂತು. ನನ್ನ ಮಗಳ, ಮಗುವಿನ ಜೀವದ ಜೊತೆ ಆಟವಾಡಿದವನಿಗೆ ನಾನೇ ಶಿಫಾರಸು ಮಾಡಬೇಕೇ? ನೋಡುವ ಎಂದೆ. ನಮ್ಮಲ್ಲಿ ನೋಡುವ ಎಂದರೆ ಇಲ್ಲ ಎಂದೇ ಅರ್ಥ, ಅವರಿಗೂ ಗೊತ್ತಿತ್ತು. ಮತ್ತೆಂದೂ ಕೇಳಲಿಲ್ಲ. ಗಾಲಿ ಬದಲಿಸಿ ಎಂದಿನಂತೆ ಕೈ ಎತ್ತುತ್ತಿದ್ದರು. ನಾನು ಬೇಗ ತಲೆಯಾಡಿಸಿ ಹೊರಡುತ್ತಿದ್ದೆ, ಈಗ ಛೇಡಿಸುತ್ತಿರಲಿಲ್ಲ.

ಕಳೆದ ತಿಂಗಳು ಎದೆನೋವೆಂದು ಮಣಿಪಾಲದ ಆಸ್ಪತ್ರೆ ಸೇರಿದವರು ವಾಪಸು ಬರಲಿಲ್ಲ. ಮಣ್ಣಿಗೆ ಹೋಗಿಬಂದ ದಿನವೇ ಕುಳಿತು ಕಾಗದ ಬರೆದೆ. ತಡವಾಯಿತೆಂದು ಗೊತ್ತು, ಆ ಕೆಲಸಗಾರ ಈಗ ಎಲ್ಲಿ, ಯಾರ ಟಯರ್ ಬಿಚ್ಚುತ್ತಿದ್ದಾನೋ. ನನ್ನ ಮಗಳು, ಮೊಮ್ಮಗಳು ಚೆನ್ನಾಗಿದ್ದಾರೆ, ಅವನನ್ನು ಕ್ಷಮಿಸಿ ಎಂದಷ್ಟೇ ಬರೆದೆ.

ಉಡುಪಿಯ ಅಂಚೆ ಕಚೇರಿಗೆ ಹೋಗುವ ಮೊದಲು ಕಾಪುವಿಗೆ ಹೋದೆ. ಅಂಗಡಿಯ ಬಾಗಿಲು ಹಾಕಿತ್ತು. ಕಾರಿನಿಂದ ಇಳಿದು, ಲಕೋಟೆಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದು ನಿಂತೆ. ನೋಡಿ ತಲೆಯಾಡಿಸುವವರು ಇರಲಿಲ್ಲ. ಕೈ ಇಳಿಸಲು ಬಹಳ ಹೊತ್ತು ಬೇಕಾಯಿತು.