ಗಿರಿಜಾದೇವಿಯವರ ಮನೆತನಕ್ಕೆ ಬಂದ ಸೊಟ್ಟ ಪಾದ

ತ್ಯಾಗರಾಜನಗರದ ಗಿರಿಜಾದೇವಿಯವರು ಮೂವತ್ತು ವರ್ಷಗಳಿಂದ ಮದುವೆ ಮಾಡಿಸುತ್ತಿದ್ದರು. ಅದು ಅವರ ಕಸುಬಲ್ಲ, ಚಟ. ಗಂಡ ಜಯನಗರದಲ್ಲಿ ಪಾತ್ರೆ ಅಂಗಡಿ ನಡೆಸಿ ತೀರಿಕೊಂಡ ಮೇಲೆ ಅಂಗಡಿ ಮಗ ಮಹಾಂತೇಶನ ಕೈಗೆ ಹೋಯಿತು, ಫೋನು ಇವರ ಕೈಗೆ ಬಂತು. ಶ್ರೀನಗರದಿಂದ ಜೆ.ಪಿ. ನಗರದವರೆಗೆ ಯಾವ ಲಿಂಗಾಯತರ ಮನೆಯಲ್ಲಿ ಹೆಣ್ಣಿದೆ, ಯಾವ ಮನೆಯಲ್ಲಿ ತಲೆ ಪೂರ್ತಿ ಬೋಳಾಗುವ ಮೊದಲು ಕಟ್ಟಿಹಾಕಬೇಕಾದ ಗಂಡಿದೆ ಎಂಬುದು ಅವರಿಗೆ ಬಾಯಿಪಾಠ.

ಇನ್ನೂ ಒಂದು ಸಂಗತಿ ಅವರಿಗೆ ಗೊತ್ತಿತ್ತು. ಯಾರ ಮಗ ಹುಟ್ಟುವಾಗ ಕೈಗೆ ಆರು ಬೆರಳಿದ್ದವು, ಯಾರ ಮಗಳ ಮೇಲ್ದುಟಿ ಸೀಳಿತ್ತು, ಯಾರ ಮೊಮ್ಮಗನ ಹೃದಯದಲ್ಲಿ ತೂತಿತ್ತು, ಎಲ್ಲ ಗೊತ್ತು. ಆದರೆ ಬೀಗರಾಗುವವರು ಬಂದು ದನಿ ತಗ್ಗಿಸಿ "ಅಂಥದ್ದೇನಾದ್ರೂ ಇದ್ಯಾ ಆ ಕಡೆ?" ಎಂದು ಕೇಳಿದರೆ, "ಛೆ ಛೆ, ಬಂಗಾರದಂಥ ಮನೆತನ" ಎನ್ನುತ್ತಿದ್ದರು. ಮದುವೆ ಮಾಡಿಸುವವರ ಮಾತನ್ನು ನಂಬುವುದಾದರೆ ಈ ದೇಶದಲ್ಲಿ ಕುಂದಿರುವ ಮಗು ಇದುವರೆಗೆ ಒಂದೂ ಹುಟ್ಟಿಲ್ಲ.

ಹೀಗಿರುವಾಗ ಅವರ ಸೊಸೆ ಸಂಗೀತಾ ಹೆತ್ತಳು. ಹೆಣ್ಣುಮಗು, ಗುಂಡುಗುಂಡಾಗಿತ್ತು. ಬಲಪಾದ ಮಾತ್ರ ಒಳಕ್ಕೆ ತಿರುಚಿಕೊಂಡು, ಅಂಗಾಲು ಎಡಗಾಲಿನ ಕಡೆಗೆ ಮುಖ ಮಾಡಿತ್ತು.

ಗಿರಿಜಾದೇವಿಯವರು ಮೊದಲು ಅಪರಾಧಿಯನ್ನು ಹುಡುಕಿದರು. ಹುಡುಕಾಟ ದೂರ ಹೋಗಲಿಲ್ಲ.

"ಬಸುರೀಲಿ ಸ್ಕೂಟರ್ ಓಡಿಸ್ಬೇಡ ಅಂತ ಬಡ್ಕೊಂಡೆ. ಗ್ರಹಣದ ದಿನ ಕಾಲು ಮಡಚಿ ಕೂತಿದ್ಯೋ ಏನೋ."

"ಗ್ರಹಣದ ದಿನ ಬ್ಯಾಂಕಲ್ಲಿದ್ದೆ ಅತ್ತೆ," ಎಂದಳು ಸಂಗೀತಾ. "ಮ್ಯಾನೇಜರ್ ಎದುರಿಗೆ ಕಾಲು ಚಾಚ್ಕೊಂಡು ಕೂರಕ್ಕಾಗತ್ತಾ?"

ಮಕ್ಕಳ ಮೂಳೆ ಡಾಕ್ಟರ್ ಮೈತ್ರೇಯಿಯವರಿಗೆ ಗ್ರಹಣದಲ್ಲಾಗಲಿ ಸ್ಕೂಟರಿನಲ್ಲಾಗಲಿ ಆಸಕ್ತಿಯಿರಲಿಲ್ಲ. "ಇದು ಯಾರ ತಪ್ಪೂ ಅಲ್ಲಮ್ಮ. ನೂರು ಮಕ್ಕಳು ಹುಟ್ಟಿದ್ರೆ ಎರಡು ಮೂರಕ್ಕಾದ್ರೂ ಏನೋ ಒಂದು ದೊಡ್ಡ ಕುಂದು ಇದ್ದೇ ಇರುತ್ತೆ. ನಿಮ್ಮನೆಗೆ ಒಂದು ಬಂದಿದೆ, ಅದೂ ರಿಪೇರಿ ಆಗೋ ಅಂಥದ್ದು. ಹೋಗಿ ಸಿಹಿ ಹಂಚಿ."

ಗಿರಿಜಾದೇವಿಯವರು ತಾವು ಸಂಬಂಧ ಕೂಡಿಸಿದ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದರು. ಡಾಕ್ಟರು ಹೇಳಿದ್ದು ಸುಳ್ಳಲ್ಲ ಅನ್ನಿಸಿತು. ಸಿಹಿ ಮಾತ್ರ ಹಂಚಲಿಲ್ಲ.

ವಾರವಾರ ಪ್ಲಾಸ್ಟರ್ ಹಾಕಿ ಪಾದವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿದರು. ಹಿಮ್ಮಡಿಯ ಹತ್ತಿರ ಒಂದು ಪುಟ್ಟ ಗಾಯ ಮಾಡಿ ಬಿಗಿದಿದ್ದ ಸ್ನಾಯುರಜ್ಜುವನ್ನು ಸಡಿಲಿಸಿದರು. ಕೊನೆಗೆ ಬಂದದ್ದು ಕಂಬಿ ಬೂಟು: ಒಂದು ಕಬ್ಬಿಣದ ಪಟ್ಟಿ, ಅದರ ಎರಡು ತುದಿಗೆ ಎರಡು ಬೂಟು. ಸ್ನಾನದ ಒಂದು ಗಂಟೆ ಬಿಟ್ಟರೆ ಹಗಲೂ ರಾತ್ರಿಯೂ ಕಾಲಲ್ಲಿರಬೇಕು. ಬಿಚ್ಚಿಟ್ಟರೆ ಪಾದ ಹಳೆಯ ಜಾಗಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು.

ಆದರೆ ಗಿರಿಜಾದೇವಿಯವರಿಗೆ ಅಂಜನಾ ಎಂಬ ಮಗಳಿದ್ದಳು. ಊರವರಿಗೆಲ್ಲ ಗಂಡು ಹುಡುಕಿದವರು ಸ್ವಂತ ಮಗಳಿಗೆ ಶ್ರೀನಗರದ ಬಸಲಿಂಗಮ್ಮನವರ ಮಗ ಗೌರೀಶಂಕರನನ್ನು ಗೊತ್ತುಮಾಡುತ್ತಿದ್ದರು. ಮಾತು ಮುಕ್ಕಾಲು ಮುಗಿದಿತ್ತು. ಬಸಲಿಂಗಮ್ಮನವರಿಗೆ ಹೇಳದೆ ಕೇಳದೆ ಮನೆಗೆ ಬರುವ ಅಭ್ಯಾಸ, ಹೆಣ್ಣಿನ ಮನೆಯ ಅಡುಗೆಕಟ್ಟೆ ಒರೆಸಿದೆಯೋ ಇಲ್ಲವೋ ನೋಡಲು. ಜೊತೆಗೆ ಅವರ ತಂಗಿಯರು, ತಂಗಿಯರ ಓರಗಿತ್ತಿಯರು.

ಸಂಗೀತಾಳಿಗೆ ತವರಿನಲ್ಲಿ ತಾಯಿಯಿರಲಿಲ್ಲ, ಬಾಣಂತನ ಅತ್ತೆಯದೇ. ಮಧ್ಯಾಹ್ನ ಅವಳು ಮಲಗಿದಾಗ ಗೇಟು ಕಿರುಗುಟ್ಟಿದರೆ ಸಾಕು, ಬೂಟು ಅಕ್ಕಿ ಡಬ್ಬದ ಹಿಂದಕ್ಕೆ ಹೋಗುತ್ತಿತ್ತು, ಕೂಸು ಶಾಲಿನೊಳಕ್ಕೆ. ನೆಂಟರು ಹೋದ ಮೇಲೂ ಬೂಟು ತಕ್ಷಣ ವಾಪಸ್ಸು ಬರುತ್ತಿರಲಿಲ್ಲ. ಬಿಡುಗಡೆಯ ರುಚಿ ಕಂಡ ಕೂಸು ಬೂಟು ಕಂಡರೆ ಬೀದಿಗೆ ಕೇಳುವಂತೆ ಕಿರುಚುತ್ತಿತ್ತು. "ಇನ್ನೊಂಚೂರು ಹೊತ್ತು ಆಡ್ಕೊಳ್ಲಿ" ಎಂದು ಅಜ್ಜಿ ಸುಮ್ಮನಾಗುತ್ತಿದ್ದರು.

ಮುಂದಿನ ಸಲ ಡಾಕ್ಟರ್ ಮೈತ್ರೇಯಿ ಪಾದವನ್ನು ಹಿಡಿದು ನೋಡಿದರು. ಅದು ಮತ್ತೆ ಒಳಕ್ಕೆ ಹೊರಟಿತ್ತು.

"ಯಾರು ಬಿಚ್ಚಿದ್ದು?"

ಮಹಾಂತೇಶ ಫ್ಯಾನು ನೋಡಿದ. ಸಂಗೀತಾ ಅತ್ತೆಯನ್ನು ನೋಡಿದಳು.

"ನೆಂಟರು ಬಂದಾಗ..." ಎಂದರು ಗಿರಿಜಾದೇವಿ.

"ಅಷ್ಟೊಂದು ನೆಂಟರಾ? ನಿಮ್ಮದು ಮನೆನೋ ಛತ್ರನೋ? ನೋಡಿಮ್ಮ, ಮತ್ತೆ ಪ್ಲಾಸ್ಟರ್ ಹಾಕ್ತೀನಿ. ಇನ್ನೊಂದ್ಸಲ ಹೀಗಾದ್ರೆ ದೊಡ್ಡ ಆಪರೇಷನ್ನೇ. ಆಗ್ಲೂ ಮೊದಲಿನಷ್ಟು ಚೆನ್ನಾಗಿ ಬರುತ್ತೆ ಅಂತ ಹೇಳಕ್ಕಾಗಲ್ಲ. ನಿಮ್ಮ ನೆಂಟರು ಇವಳನ್ನ ಸ್ಕೂಲಿಗೆ ಹೊತ್ಕೊಂಡು ಹೋಗ್ತಾರಾ?"

ವಾಪಸ್ಸು ಬರುವಾಗ ಆಟೋದಲ್ಲಿ ಸಂಗೀತಾ ಅಳಲಿಲ್ಲ. "ಅಂಜನಾ ಮದುವೆ ಆಗ್ದಿದ್ರೂ ಬದುಕ್ತಾಳೆ ಅತ್ತೆ," ಎಂದಳು. "ಇವಳು ನಡೀಬೇಕು."

ಗಿರಿಜಾದೇವಿಯವರು ಕ್ಷಮೆ ಕೇಳಲಿಲ್ಲ. ಅದು ಅವರಿಗೆ ರೂಢಿಯಿರಲಿಲ್ಲ.

ಪ್ಲಾಸ್ಟರ್ ತೆಗೆದು ಮತ್ತೆ ಬೂಟು ಹಾಕಿದ ಮೇಲೆ, ಮುಂದಕ್ಕೆ ಹಾಕಿ ಹಾಕಿ ಇಟ್ಟಿದ್ದ ತೊಟ್ಟಿಲ ಶಾಸ್ತ್ರ ಬಂತು. ಕೂಸನ್ನು ತೊಟ್ಟಿಲಿನ ಮೇಲಿಂದೊಮ್ಮೆ ಕೆಳಗಿಂದೊಮ್ಮೆ ಮುತ್ತೈದೆಯರು ಕೈಯಿಂದ ಕೈಗೆ ದಾಟಿಸಬೇಕು. ಶಾಲು ಎಷ್ಟು ಸುತ್ತಿದರೂ ಕಂಬಿ ಕೈಗೆ ಸಿಕ್ಕಿಯೇ ಸಿಗುತ್ತದೆ. ಗಿರಿಜಾದೇವಿಯವರು ಉಪಾಯ ಮಾಡಿದರು: ಅಂದು ಕೂಸಿಗೆ ಸ್ನಾನ ಬೇಡ, ಆ ಒಂದು ಗಂಟೆಯನ್ನು ಶಾಸ್ತ್ರಕ್ಕೆ ಕೊಡುವುದು. ಡಾಕ್ಟರ ಮಾತು ಮೀರಿದಂತೆಯೂ ಆಗಲಿಲ್ಲ, ಬಸಲಿಂಗಮ್ಮನವರಿಗೆ ಗೊತ್ತಾದಂತೆಯೂ ಆಗಲಿಲ್ಲ. ಸಂಗೀತಾ ಒಪ್ಪಿದಳು. "ಒಂದೇ ಗಂಟೆ," ಎಂದಳು.

ಬಸಲಿಂಗಮ್ಮನವರು ತಂಗಿಯರ ಸಮೇತ ಬಂದರು. ಬೂಟು ಬಿಚ್ಚಿದ್ದಾಯಿತು. ಕೂಸು ರೇಷ್ಮೆ ಲಂಗದಡಿ ಕಾಲು ಝಾಡಿಸಿ ನಕ್ಕಿತು. ಆದರೆ ಶಾಸ್ತ್ರ ಮಾಡಿಸಬೇಕಿದ್ದ ಅಯ್ಯನವರು ಬನಶಂಕರಿಯ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದಿದ್ದರು. "ಬಂದೆ, ಬಂದೆ" ಎಂದು ಅಲ್ಲಿಂದಲೇ ಫೋನು. ಗಂಟೆ ತುಂಬಿತು. ತೊಟ್ಟಿಲು ಖಾಲಿಯೇ ತೂಗುತ್ತಿತ್ತು.

ಸಂಗೀತಾ ಕೋಣೆಯ ಬಾಗಿಲಲ್ಲಿ ಬೂಟು ಹಿಡಿದು ನಿಂತಳು. ಗಿರಿಜಾದೇವಿಯವರು ಇತ್ತ ಬಸಲಿಂಗಮ್ಮನವರನ್ನು ನೋಡಿದರು, ಅತ್ತ ಕೋಸಂಬರಿಯ ಬಟ್ಟಲು ಹಿಡಿದಿದ್ದ ಮಗಳನ್ನು ನೋಡಿದರು. ಆಮೇಲೆ ಎದ್ದು ಹೋಗಿ ಸೊಸೆಯ ಕೈಯಿಂದ ಬೂಟು ಕಿತ್ತುಕೊಂಡು ಬಂದು, ನಡುಮನೆಯಲ್ಲಿ ಎಲ್ಲರ ಎದುರಿಗೇ ಕೂಸಿನ ಕಾಲಿಗೆ ಹಾಕಿ ಬೂಟಿನ ಪಟ್ಟಿಗಳನ್ನು ಬಿಗಿದರು. ಕೂಸು ಸೂರು ಹಾರುವಂತೆ ಅತ್ತಿತು.

"ಇದೇನ್ರೀ ಗಿರಿಜಮ್ಮ, ಕೂಸಿಗೆ ಬೇಡಿ?" ಎಂದರು ಬಸಲಿಂಗಮ್ಮ.

"ಹುಟ್ಟುವಾಗ ಪಾದ ಸೊಟ್ಟ ಇತ್ತು. ಸರಿ ಮಾಡಿಸ್ತಿದೀವಿ."

ಬಸಲಿಂಗಮ್ಮನವರ ದನಿ ತಗ್ಗಿತು. "ನಿಮ್ಮ ಕಡೆ ಬೇರೆ ಯಾರಿಗಾದ್ರೂ...?"

"ನಮ್ಮ ಕಡೆ ಸದ್ಯಕ್ಕೆ ಇವಳಿಗೇ. ಬೇರೆಯವರ ಕಡೇದು ಬೇಕಿದ್ರೆ ಹೇಳಿ, ಈ ಜಮಖಾನದ ಮೇಲೆ ಕೂತಿರೋರದ್ದೆಲ್ಲ ಹೇಳ್ತೀನಿ. ಎಲ್ಲಿಂದ ಶುರು ಮಾಡ್ಲಿ?"

ಜಮಖಾನದ ಮೇಲಿದ್ದ ಹೆಂಗಸರೆಲ್ಲ ತಮ್ಮತಮ್ಮ ಸೆರಗಿನ ಜರಿಯನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ಅಷ್ಟರಲ್ಲಿ ಅಯ್ಯನವರು ಬೆವರೊರೆಸಿಕೊಳ್ಳುತ್ತ ಬಂದರು. ಕೂಸನ್ನು ದಾಟಿಸಲು ಎಲ್ಲರ ಕೈಗಳೂ ಒಟ್ಟಿಗೇ ಮುಂದೆ ಬಂದವು, ಒಬ್ಬರೂ ಕೊಸರಲಿಲ್ಲ. ಕಂಬಿ ಎರಡು ಸಲ ತೊಟ್ಟಿಲ ಸರಪಳಿಗೆ ಸಿಕ್ಕಿಕೊಂಡಿತು, ಒಂದು ಸಲ ಬಸಲಿಂಗಮ್ಮನವರ ಗದ್ದಕ್ಕೆ ಬಡಿಯಿತು. ಕೂಸಿಗೆ ಇಂಚರ ಎಂದು ಹೆಸರಿಟ್ಟರು.

ವಾರದೊಳಗೆ ಶ್ರೀನಗರದಿಂದ ಜಾತಕ ಕೂಡಲಿಲ್ಲವೆಂದು ಸುದ್ದಿ ಬಂತು. ಅಲ್ಲಿಯವರೆಗೆ ಯಾರೂ ಯಾರಿಗೂ ಜಾತಕ ಕೊಟ್ಟಿರಲಿಲ್ಲ. ಗಿರಿಜಾದೇವಿಯವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅಂಜನಾ ಮಾಡಿದಳು.

"ಬಿಡಮ್ಮ," ಎಂದಳು. "ಆ ಗೌರೀಶಂಕರ ಹಲೋ ಅನ್ನೋಕೂ ಅವರಮ್ಮನ್ನ ಕೇಳ್ತಿದ್ದ."

ಗಿರಿಜಾದೇವಿಯವರು ಈಗಲೂ ಮದುವೆ ಮಾಡಿಸುತ್ತಾರೆ, ಮೊದಲಿನಷ್ಟು ಕೂಡಿಬರುವುದಿಲ್ಲ. ಯಾರಾದರೂ ದನಿ ತಗ್ಗಿಸಿದರೆ "ಯಾರ ಮನೇಲಿಲ್ಲ?" ಎಂದು ಇವರು ದನಿ ಏರಿಸುತ್ತಾರೆ. ಆಮೇಲೆ ಕೆಲವರು ಮತ್ತೆ ಫೋನು ಮಾಡುವುದಿಲ್ಲ.

ಇಂಚರಳಿಗೆ ಎರಡು ತುಂಬಿದೆ. ಬೂಟು ಈಗ ಮಲಗುವಾಗ ಮಾತ್ರ. ಹೋದ ವಾರ ಬೆಳಿಗ್ಗೆ ಅವಳು ಅಜ್ಜಿಯ ಕೈ ಕೊಡವಿಕೊಂಡು, ಬರಿಗಾಲಲ್ಲಿ ಗೇಟು ದಾಟಿ ಓಡಿ, ಬೀದಿಯ ಹಸು ಆಗಷ್ಟೇ ಹಾಕಿದ್ದ ಸಗಣಿಯ ಮೇಲೆ ಬಲಗಾಲನ್ನು ಊರಿದಳು. ಗಿರಿಜಾದೇವಿಯವರು ಅವಳನ್ನು ಎತ್ತಿ ಪಕ್ಕಕ್ಕಿಟ್ಟು, ಬಗ್ಗಿ, ಸಗಣಿಯಲ್ಲಿ ಮೂಡಿದ್ದ ಅಚ್ಚನ್ನು ನೋಡಿದರು. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ನೆಟ್ಟಗಿತ್ತು. ಆಮೇಲೆ ಬೈದರು.