ಬಂಡೆಪ್ಪ ಆರಿಸಿದ ಗೇರ್ ಗುಂಡು

ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯ ಬಂಡೆಪ್ಪನ ಎಡಗೈಯಲ್ಲಿ ಮೂರೇ ಬೆರಳು. ಬೀದರ್ ಕಡೆಯವನು, ಲೇಥಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಕೆಲಸ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಒಂದು ಗೀರೂ ಮಾಡಿಕೊಳ್ಳದವನು, ತೊಂಬತ್ತಮೂರರ ಬೇಸಿಗೆಯಲ್ಲಿ ತನ್ನ ಹಿತ್ತಲಿನ ಪುಟ್ಟ ಲೇಥಿಗೆ ನಡುಬೆರಳನ್ನೂ ಉಂಗುರದ ಬೆರಳನ್ನೂ ಕೊಟ್ಟ. ಆನೆಯಂಥದ್ದೂ ಮುಗ್ಗರಿಸುತ್ತದೆ, ಇನ್ನು ಇವನ್ಯಾವ ಲೆಕ್ಕ. ಅವರ ಪದ್ಧತಿಯಂತೆ ಆ ಎರಡಕ್ಕೂ ವಿಭೂತಿ ಹಚ್ಚಿ ಮಣ್ಣು ಮಾಡಿದೆವು. ಗುದ್ದಲಿ ಹಿಡಿದವನು ನಾನೇ.

ಗಾಯ ಮಾಯಿತು. ತೊಂದರೆ ಶುರುವಾದದ್ದು ಕಾರಿನಲ್ಲಿ. ಅವನ ಹಳೆಯ ಕಾರಿನ ಗೇರ್ ಕೋಲಿನ ತುದಿಯ ಗುಂಡು ಸವೆದು ನುಣುಪಾಗಿತ್ತು, ಮೂರು ಬೆರಳಿಗೆ ನಿಲ್ಲುತ್ತಿರಲಿಲ್ಲ. ಉಪ್ಪಲ್ ಚೌರಸ್ತೆಯಲ್ಲಿ ಒಮ್ಮೆ ಕೈ ಜಾರಿ ಗೇರ್ ಬೀಳದೆ, ಕಾರು ಲಾರಿಯ ಎದುರೇ ನಿಂತುಬಿಟ್ಟಿತು. ಅವತ್ತು ಕಾರಿಳಿದ ಹೆಂಡತಿ ನೀಲಾ ಮತ್ತೆ ಹತ್ತಲಿಲ್ಲ. ಇವನು ಕಾರು ತೆಗೆದರೆ ಅವಳು ಬಸ್ಸಿಗೆ ನಿಲ್ಲುವಳು. ಬೆರಳು ಹೋದದ್ದಕ್ಕೆ ಅಳದವನು ಅದಕ್ಕೆ ಅತ್ತ.

ಹೊಸ ಗುಂಡು ಹಾಕಿಸೆಂದು ನಾನೇ ಅವನನ್ನು ರಾಣಿಗಂಜಿನ ಕಾರು ಸಾಮಾನಿನ ಅಂಗಡಿಗೆ ಕರೆದೊಯ್ದೆ. ರಬ್ಬರಿನದು, ಸ್ಟೀಲಿನದು, ಒಳಗೆ ಗುಲಾಬಿ ಕಾಣುವ ಗಾಜಿನಂಥದು, ಎಲ್ಲ ಹರವಿದರು. ನನಗೆ ಗುಲಾಬಿಯದೇ ಹಿಡಿಸಿತು, ನನ್ನ ರುಚಿ ಅಷ್ಟಕ್ಕಷ್ಟೇ. ಬಂಡೆಪ್ಪ ಒಂದೊಂದರ ಮೇಲೂ ಕೈಯಿಟ್ಟು ಕಣ್ಣು ಮುಚ್ಚುವುದು, ಬೇಡವೆಂದು ತಲೆಯಾಡಿಸುವುದು. ಕೊನೆಗೆ ಬೀಟೆ ಮರದ್ದೊಂದರ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ.

"ಇದರ ಮ್ಯಾಲೆ ಐದೂ ಕುಂತಾವ," ಎಂದ.

"ಏನು ಐದು?"

"ಬೆರಳು. ಉಳಿದ ಗುಂಡಿನ ಮ್ಯಾಲೆ ಎರಡು ಗಾಳ್ಯಾಗ ನಿಲ್ತಾವ. ಇದು ಎಲ್ಲಾಕ್ಕೂ ಹತ್ತಾಕತ್ತೈತಿ."

"ಮಣ್ಣು ಮಾಡಿದಾವ ನಾನು. ನನಗ ಹೇಳಬ್ಯಾಡ," ಎಂದು ಗದರಿದೆ. ಅಂಗಡಿಯವನಿಗೆ ಕನ್ನಡ ಬಾರದು, ಆದರೂ ಬಂಡೆಪ್ಪನ ಕೈಯನ್ನೇ ನೋಡುತ್ತಿದ್ದ. ಗುಂಡನ್ನು ಕಾಗದದಲ್ಲಿ ಸುತ್ತಿ, ಕೈಗೆ ಕೊಡದೆ, ಮೇಜಿನ ಮೇಲೆ ನಮ್ಮ ಕಡೆಗೆ ದೂಡಿದ.

ಅಂದಿನಿಂದ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳತೊಡಗಿತು. ತಿಂಗಳೊಳಗೆ ಗುಂಡಿನ ಪಾಲಿಶು ಐದು ಕಡೆ ಮಾಸಿತು. ಎರಡು ಸಲ ಎಣಿಸಿದೆ. ಹೆದರಿಕೆಯಾಗಿ ಯಾರಿಗೂ ಹೇಳಲಿಲ್ಲ.

ಅವನು ಮಾತ್ರ ಎಲ್ಲವನ್ನೂ ನೀಲಾಳಿಗೆ ಹೇಳಿದ್ದ. "ಇಲ್ಲದ ಬೆರಳು ನಂಬಿ ಕುಂಡ್ರು ಅಂತೀರಿ. ನಾ ಒಲ್ಲೆ," ಎಂದಿದ್ದಳಂತೆ. ಒಂದು ಭಾನುವಾರ ಮಧ್ಯಾಹ್ನ ಮೂವರೂ ಊರಿನ ಆ ತುದಿಯ ಮಿಯಾಪುರಕ್ಕೆ ಒಂದು ನಾಮಕರಣಕ್ಕೆ ಹೋಗಬೇಕಿತ್ತು, ಬಸ್ಸುಗಳು ಬಂದ್. ಅವಳು ಕಾರಿನಲ್ಲಿ ಅವನ ಪಕ್ಕ ಕೂತಳು, ಬಾಗಿಲು ಹಾಕಿಕೊಳ್ಳಲಿಲ್ಲ.

"ನಿಂತಲ್ಲೇ ಗೇರ್ ಹಾಕಿ ತೋರಸ್ರಿ. ಜಾರಿದ್ರ ಇಳೀತೀನಿ. ಮತ್ತ ಯಾವತ್ತೂ ಕರೀಬ್ಯಾಡ್ರಿ."

ನಾನು ಹಿಂದಿನ ಸೀಟಿನಲ್ಲಿದ್ದೆ. ಬಂಡೆಪ್ಪ ಒಂದನೆಯದು ಹಾಕಿದ, ಎರಡನೆಯದು ಹಾಕಿದ. ಮೂರನೆಯದಕ್ಕೆ ತಳ್ಳಿದ. ಜಾರೀತೆಂದು ಅವಳು ತನ್ನ ಎರಡು ಬೆರಳನ್ನು ಅವನ ಬೆರಳಿಲ್ಲದ ಸಂದಿನಲ್ಲಿ ಇಳಿಸಿ ಗುಂಡು ಹಿಡಿಯಹೋದಳು. ಹೋದವಳ ಕೈ ನಡುವೆಯೇ ನಿಂತಿತು.

"ನನ್ನ ಬೆರಳು ಗುಂಡಿಗೆ ಮುಟ್ಟವಲ್ವು," ಎಂದಳು ಮೆಲ್ಲಗೆ.

ಬಗ್ಗಿ ನೋಡಿದೆ. ಅವಳ ಬೆರಳುಗಳು ಮರಕ್ಕಿಂತ ಅರ್ಧ ಅಂಗುಲ ಮೇಲೆ ನಿಂತಿದ್ದವು. ಒತ್ತುತ್ತಿದ್ದಳು, ಉಗುರುಗಳು ಬಿಳಿಚಿಕೊಂಡಿದ್ದವು. ಕೆಳಗೆ ಏನೂ ಇರಲಿಲ್ಲ.

ಬಂಡೆಪ್ಪ ರಸ್ತೆಯನ್ನೇ ನೋಡುತ್ತಿದ್ದ. "ಇಳೀತಿಯೇನು?" ಎಂದ.

ನೀಲಾ ಇನ್ನೊಂದು ಕೈಯಿಂದ ಬಾಗಿಲು ಎಳೆದುಕೊಂಡಳು.

"ಈ ಎರಡೂ ಭಾಳ ತಣ್ಣಗಾಗ್ಯಾವ," ಎಂದು ಆ ಖಾಲಿ ಸಂದನ್ನು ಅಂಗೈಯಿಂದ ಮುಚ್ಚಿದಳು. ಮಿಯಾಪುರದ ತನಕ ಕೈ ತೆಗೆಯಲಿಲ್ಲ.