ಜೀಪಿನ ಬೆನ್ನಿಗೆ ಕಟ್ಟಿದ ಬೈಕು

ಗೌರಿಬಿದನೂರಿನಲ್ಲಿ ನನ್ನ ಮೊದಲ ರೇಸು. ಜೀಪಿನ ಹಿಂಬದಿಗೆ ಸಿಕ್ಕಿಸಿದ ಕಬ್ಬಿಣದ ಕ್ಯಾರಿಯರ್ ಮೇಲೆ ಡರ್ಟ್ ಬೈಕ್ ಹತ್ತಿಸುವಷ್ಟರಲ್ಲಿ, ಚಿಕ್ಕಬಳ್ಳಾಪುರದಲ್ಲಿ ತರಕಾರಿ ಮಂಡಿ ನಡೆಸುವ ಅಪ್ಪ ದಪ್ಪ ಹಗ್ಗ ಹಿಡಿದು ಬಂದರು. ದಾರಿಯಲ್ಲಿ ಬೈಕು ವಾಲಿದರೆ ಅಲ್ಲಿಂದಲೇ ವಾಪಸು ಎಂಬುದು ಅವರ ಷರತ್ತು.

"ಸೈಡ್ ಸ್ಟ್ಯಾಂಡ್ ಹಾಕಮ್ಮ, ಟೊಮೆಟೊ ಕ್ರೇಟು ಕಟ್ಟೋ ಹಾಗೆ ಸುತ್ತ ಬಿಗೀತೀನಿ."

"ಕ್ರೇಟಿಗೆ ಸ್ಪ್ರಿಂಗ್ ಇದೆಯಾ ಅಪ್ಪ?"

"ಇಲ್ಲ."

"ಬೈಕಿಗಿದೆ. ರೋಡ್ ಹಂಪಲ್ಲಿ ಅದು ಕೆಳಗೆ ಕೂತ್ರೆ ಹಗ್ಗ ಸಡಿಲ ಆಗುತ್ತೆ. ಅದಕ್ಕೇ ಸ್ಟ್ಯಾಂಡ್ ಮಡಚಿ, ಮೊದಲೇ ಅದುಮಿ ಕಟ್ಟಬೇಕು."

"ಬಾಯಿಗೇನೂ ಕಮ್ಮಿ ಇಲ್ಲ."

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಸುಮ್ಮನಾದರೆ ಗೆದ್ದಂತೆ. ಇಲ್ಲಿ ಹಂಪುಗಳನ್ನೂ ಒಪ್ಪಿಸಬೇಕಿತ್ತು. ಹ್ಯಾಂಡಲಿನ ಎರಡೂ ಬದಿಗೆ ಬೆಲ್ಟು ಹಾಕಿ, ಮುಂದಿನ ಸ್ಪ್ರಿಂಗು ಅರ್ಧ ಕುಸಿಯುವಷ್ಟು ಬಿಗಿದೆ, ಚಕ್ರಗಳನ್ನೂ ಕಟ್ಟಿದೆ. ನಾನು ಜೀಪು ಓಡಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತ ಅಪ್ಪ ದಾರಿಯುದ್ದಕ್ಕೂ ತಿರುಗಿ ಬೈಕನ್ನೇ ಕಾದರು.

ಗೌರಿಬಿದನೂರಿನಲ್ಲಿ ಇಳಿದವರೇ ಅಪ್ಪ ಬೈಕಿನ ಹ್ಯಾಂಡಲ್ ಹಿಡಿದು ಜಗ್ಗಿದರು. ಬೈಕು ಕದಲಲಿಲ್ಲ, ಜೀಪೇ ತೂಗಾಡಿತು. ಮತ್ತೆ ಜಗ್ಗಿದರು.

"ನನ್ನ ಯಾಕ್ರೀ ಉಯ್ಯಾಲೆ ಆಡಿಸ್ತೀರಿ? ಸೋತೆ ಅನ್ನಿ," ಜೀಪಿನೊಳಗಿಂದ ಅಮ್ಮ ಅಂದರು.

ಅಪ್ಪ ಕೈ ಬಿಟ್ಟು ನನ್ನತ್ತ ತಿರುಗಿದರು. "ಇಳಿಸಮ್ಮ. ರೇಸಿಗೆ ಹೊತ್ತಾಯ್ತು."